ಹಳೆಯ ಕಾರಿನ ಇಂಜೆಕ್ಟರು: ಪೆಡಸಾದ ರಬ್ಬರನ್ನು ಸಕಾಲದಲ್ಲಿ ಬದಲಾಯಿಸಿ



ಈ ಪುಟಗಳಲ್ಲಿ ಬೆಳೆ, ಗೊಬ್ಬರ, ಕಳೆಗಳ ವಿಷಯವನ್ನೇ ಬರೆಯುತ್ತ ಬಂದ ನಾನು ಈ ಸಲ ಕಾರಿನ ವಿಷಯ ಬರೆಯುತ್ತಿರುವುದು ತಮಗೆ ಸೋಜಿಗವೆನಿಸಬಹುದು. ಇದಕ್ಕೆ ಕಾರಣವಿದೆ. ಹತ್ತು, ಹದಿನೈದು, ಇಪ್ಪತ್ತು ವರ್ಷ ಓಡಿದ ಪೆಟ್ರೋಲ್ ಕಾರುಗಳು ಇಂದು ಹಳ್ಳಿಗಳಲ್ಲಿ ಧಾರಾಳವಾಗಿವೆ. ಮಾರುಕಟ್ಟೆಗೆ ತರಕಾರಿ ಒಯ್ಯುವುದಕ್ಕೂ, ಡೇರಿಗೆ ಹಾಲಿನ ಕ್ಯಾನು ಸಾಗಿಸುವುದಕ್ಕೂ, ರಾತ್ರಿ ಹೊತ್ತು ಆಸ್ಪತ್ರೆಗೆ ಓಡುವುದಕ್ಕೂ ಅವೇ ಆಧಾರ. ಇಂಥ ಕಾರು ನಿಲ್ಲುವ ಜಾಗವಾದರೂ ಯಾವುದು? ದನದ ಕೊಟ್ಟಿಗೆಯ ಪಕ್ಕ, ಇಲ್ಲವೆ ಹುಲ್ಲಿನ ಬಣವೆಯ ಮಗ್ಗುಲು. ಆದ್ದರಿಂದ ಕಾರಿನಲ್ಲಿ ಪೆಟ್ರೋಲ್ ಸೋರಿಕೆಯಾದರೆ ನಷ್ಟ ಕಾರಿಗಷ್ಟೇ ಅಲ್ಲ.

ನನ್ನ ಬಳಿಯೂ ಅಂಥದೇ ಒಂದು ನಾಲ್ಕು ಸಿಲಿಂಡರಿನ ಹಳೆಯ ಕಾರಿದೆ. ಒಮ್ಮೆ ಸುಮಾರು ಎರಡು ವಾರ ಕಾಲ ಬೆಳಗ್ಗೆ ಎಂಜಿನ್ನು ಚಾಲೂ ಮಾಡಿದೊಡನೆ ಪೆಟ್ರೋಲಿನ ವಾಸನೆ ಬರುತ್ತಿತ್ತು. ಸ್ವಲ್ಪ ದೂರ ಹೋದರೆ ವಾಸನೆ ನಿಲ್ಲುತ್ತಿತ್ತು. ಹಳೆಯ ಕಾರು, ವಾಸನೆ ಸಹಜ ಎಂದು ಉದಾಸೀನ ಮಾಡಿದೆ. ರಾಗಿ ಕೊಯ್ಲು ಮುಗಿದು ಬಣವೆ ಒಟ್ಟಿದ್ದ ಕಾಲ. ರೈತ ಮಿತ್ರರೊಬ್ಬರ ಹೊಲ ನೋಡಲು ಹೋದವನು ನೆರಳಿದೆಯೆಂದು ಬಣವೆಯ ಮಗ್ಗುಲಲ್ಲೇ ಕಾರು ನಿಲ್ಲಿಸಿದೆ. ಅವರು ಹತ್ತಿರ ಬಂದವರೇ ಮೂಗು ಅರಳಿಸಿ, "ಸ್ವಾಮಿ, ಮೊದಲು ಗಾಡಿಯನ್ನು ಬಣವೆಯಿಂದ ಆಚೆ ತಳ್ಳೋಣ, ಮಾತು ಆಮೇಲೆ" ಎಂದರು. ಎಂಜಿನ್ನು ಚಾಲೂ ಮಾಡದೆ ನಾಲ್ಕು ಜನ ಸೇರಿ ಬಯಲಿಗೆ ತಳ್ಳಿದೆವು. ಬಾನೆಟ್ಟು ಎತ್ತಿ ನೋಡಿದರೆ ಮೂರನೆಯ ಇಂಜೆಕ್ಟರಿನ ಕೊರಳು ಒದ್ದೆಯಾಗಿ ಹೊಳೆಯುತ್ತಿತ್ತು. ಅಲ್ಲಿಂದ ಜಿನುಗಿದ ಪೆಟ್ರೋಲು ಬಿಸಿ ಎಂಜಿನ್ನಿನ ಮೇಲೆ ಬಿದ್ದು ಆವಿಯಾಗುತ್ತಿತ್ತು.

ಕೊನೆಗೆ ತಿಳಿದುಬಂದ ಕಾರಣ ಬಹಳ ಸಣ್ಣದು. ಕಿರುಬೆರಳಿಗೂ ಏರದಷ್ಟು ಚಿಕ್ಕದಾದ ಒಂದು ರಬ್ಬರು ಉಂಗುರ ಪೆಡಸಾಗಿ ಬಿರಿದಿತ್ತು.

ಇಂಜೆಕ್ಟರು ಎಂದರೇನು?

ಹಿಂದಿನ ಕಾರುಗಳಲ್ಲಿ ಪೆಟ್ರೋಲನ್ನು ಗಾಳಿಯೊಡನೆ ಬೆರೆಸುವ ಕೆಲಸವನ್ನು ಕಾರ್ಬುರೇಟರು ಮಾಡುತ್ತಿತ್ತು. ವಿದ್ಯುತ್ತಿನಿಂದ ನಿಯಂತ್ರಿಸಲ್ಪಡುವ ಇಂಜೆಕ್ಟರುಗಳು ಜರ್ಮನಿಯ ಫೋಕ್ಸ್‌ವ್ಯಾಗನ್ ಕಾರಿನಲ್ಲಿ 1967ರಲ್ಲಿಯೇ ಬಳಕೆಗೆ ಬಂದವು. ನಮ್ಮ ದೇಶದಲ್ಲಿ 2000ದಿಂದ ಈಚೆಗೆ ಹೊಗೆ ನಿಯಂತ್ರಣದ ನಿಯಮಗಳು ಬಿಗಿಯಾದಂತೆ ಕಾರುಗಳಲ್ಲಿ ಕಾರ್ಬುರೇಟರು ಮರೆಯಾಗಿ ಇಂಜೆಕ್ಟರು ಬಂದಿತು. 2020ರ ಏಪ್ರಿಲ್‌ನಿಂದ ಭಾರತ್ ಸ್ಟೇಜ್ 6 ನಿಯಮ ಜಾರಿಯಾದ ಮೇಲೆ ಹೊಸ ಮೋಟಾರು ಸೈಕಲ್ಲುಗಳಲ್ಲಿಯೂ ಬಹುಪಾಲು ಇದೇ ಏರ್ಪಾಡು.

ಹನಿ ನೀರಾವರಿ ಮಾಡಿರುವ ರೈತರಿಗೆ ಇದನ್ನು ವಿವರಿಸುವುದು ಸುಲಭ. ಪೆಟ್ರೋಲ್ ಟ್ಯಾಂಕಿನೊಳಗಿರುವ ವಿದ್ಯುತ್ ಪಂಪು ತಮ್ಮ ಬಾವಿಯ ಪಂಪಿದ್ದಂತೆ. ಎಂಜಿನ್ನಿನ ಮೇಲೆ ಅಡ್ಡಲಾಗಿರುವ, 'ಫ್ಯೂಯಲ್ ರೈಲು' ಎಂದು ಕರೆಯುವ ಕೊಳವೆ ಉಪ ಕೊಳವೆಯಂತೆ. ಅದರಿಂದ ಇಳಿದ ನಾಲ್ಕು ಇಂಜೆಕ್ಟರುಗಳು ಡ್ರಿಪ್ಪರುಗಳಿದ್ದಂತೆ. ಆದರೆ ಎರಡು ಮುಖ್ಯ ವ್ಯತ್ಯಾಸಗಳಿವೆ. ಡ್ರಿಪ್ಪರು ಸತತವಾಗಿ ತೊಟ್ಟಿಕ್ಕುತ್ತದೆ. ಇಂಜೆಕ್ಟರು ಕಂಪ್ಯೂಟರಿನ ಅಪ್ಪಣೆಯಂತೆ ಸೆಕೆಂಡಿನ ಕೆಲವೇ ಸಾವಿರದ ಅಂಶಗಳಷ್ಟು ಕಾಲ ತೆರೆದು ಮುಚ್ಚುತ್ತದೆ. ಹನಿ ನೀರಾವರಿಯಲ್ಲಿ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋಗ್ರಾಂ; ಇಲ್ಲಿ ಸುಮಾರು 3 ಕಿಲೋಗ್ರಾಂ. ಎಂದರೆ ಬೆನ್ನಿಗೆ ಕಟ್ಟುವ ಸಿಂಪರಣಾ ಯಂತ್ರದೊಳಗಿನ ಒತ್ತಡದಷ್ಟು. ಈ ಒತ್ತಡದಲ್ಲಿರುವ ಪೆಟ್ರೋಲು ಕೂದಲೆಳೆಯ ಬಿರುಕು ಸಿಕ್ಕರೂ ಹೊರಕ್ಕೆ ಚಿಮ್ಮುತ್ತದೆ.

ಉಪ ಕೊಳವೆಗೆ ಲ್ಯಾಟರಲ್ ಜೋಡಿಸುವಲ್ಲಿ ರಬ್ಬರಿನ ಗ್ರೊಮೆಟ್ಟು ಹಾಕುತ್ತೀರಿ. ನಾಲ್ಕಾರು ಬೇಸಿಗೆ ಬಿಸಿಲು ತಿಂದ ಗ್ರೊಮೆಟ್ಟು ಪೆಡಸಾಗಿ ನೀರು ಸೋರುವುದನ್ನು ಕಂಡಿದ್ದೀರಿ. ಆಗ ಯಾರೂ ಡ್ರಿಪ್ ಏರ್ಪಾಡನ್ನೇ ಕಿತ್ತು ಹೊಸದು ಹಾಕುವುದಿಲ್ಲ, ಗ್ರೊಮೆಟ್ಟನ್ನು ಬದಲಾಯಿಸುತ್ತೀರಿ. ಇಂಜೆಕ್ಟರಿನ ವಿಷಯದಲ್ಲಿಯೂ ಇದೇ ನ್ಯಾಯ. ನನ್ನ ಕಾರು ನೋಡಿದ ರಿಪೇರಿ ಅಂಗಡಿಯವರೊಬ್ಬರು ನಾಲ್ಕೂ ಇಂಜೆಕ್ಟರು ಹೊಸದಾಗಿ ಹಾಕಬೇಕೆಂದು ಹೇಳಿದ್ದರು. ವಾಸ್ತವವಾಗಿ ಇಂಜೆಕ್ಟರುಗಳು ಚೆನ್ನಾಗಿಯೇ ಇದ್ದವು. ಹಾಳಾಗಿದ್ದುದು ಅವುಗಳ ಕೊರಳಿನ ಉಂಗುರಗಳು.

ಪೆಡಸಾಗುವ ಭಾಗಗಳು ಯಾವುವು?

1. ಮೇಲಿನ ಓ-ರಿಂಗು: ಇಂಜೆಕ್ಟರಿನ ತಲೆಯನ್ನು ಫ್ಯೂಯಲ್ ರೈಲಿಗೆ ಕೂರಿಸುವ ಉಂಗುರ. ಇದು ಕೆಟ್ಟರೆ ಪೆಟ್ರೋಲು ಹೊರಕ್ಕೆ ಸೋರುತ್ತದೆ. ಎಲ್ಲಕ್ಕಿಂತ ಅಪಾಯಕಾರಿಯಾದುದು ಇದೇ.

2. ಕೆಳಗಿನ ಓ-ರಿಂಗು: ಗಾಳಿ ಒಯ್ಯುವ ಮ್ಯಾನಿಫೋಲ್ಡಿಗೆ ಇಂಜೆಕ್ಟರನ್ನು ಕೂರಿಸುವ ಉಂಗುರ. ಇದು ಕೆಟ್ಟರೆ ಹೊರಗಿನ ಗಾಳಿ ಒಳಕ್ಕೆ ನುಗ್ಗಿ ಎಂಜಿನ್ನು ನಡುಗುತ್ತದೆ.

3. ತುದಿಯ ಟೋಪಿ: ಕೆಲವು ಮಾದರಿಗಳಲ್ಲಿ ಇಂಜೆಕ್ಟರಿನ ತುದಿಗೆ ಒಂದು ಪುಟ್ಟ ಪ್ಲಾಸ್ಟಿಕ್ ಟೋಪಿ ಇದ್ದು ಕೆಳಗಿನ ಉಂಗುರ ಜಾರದಂತೆ ಹಿಡಿದಿರುತ್ತದೆ. ಹಳೆಯದಾದಾಗ ಇದು ಮುಟ್ಟಿದರೆ ಪುಡಿಯಾಗುತ್ತದೆ.

4. ವಿದ್ಯುತ್ ಕನೆಕ್ಟರು: ಇದರ ಪ್ಲಾಸ್ಟಿಕ್ ಕೊಂಡಿ ಪಟಕ್ಕನೆ ಮುರಿಯುತ್ತದೆ. ಅದರ ಹಿಂದಿನ ತಂತಿಯ ಹೊದಿಕೆಯೂ ಬಿರಿದಿರುತ್ತದೆ.

5. ರಬ್ಬರು ಪೈಪು: ಕಾರಿನ ತಳದ ಲೋಹದ ಕೊಳವೆಯಿಂದ ರೈಲಿಗೆ ಬರುವ ಪೈಪು. ಬಗ್ಗಿಸಿ ನೋಡಿದರೆ ಮೇಲ್ಮೈಯಲ್ಲಿ ಸಣ್ಣ ಸಣ್ಣ ಬಿರುಕುಗಳು ಕಾಣುತ್ತವೆ.

ಏಕೆ ಪೆಡಸಾಗುತ್ತವೆ?

ಮೊದಲನೆಯ ಕಾರಣ ಶಾಖ. ಉಷ್ಣಾಂಶ 10 ಡಿಗ್ರಿ ಸೆಲ್ಸಿಯಸ್ ಏರಿದರೆ ರಾಸಾಯನಿಕ ಕ್ರಿಯೆಯ ವೇಗ ಸುಮಾರು ಇಮ್ಮಡಿಯಾಗುತ್ತದೆಂಬುದು ಸ್ಥೂಲವಾದ ಒಂದು ನಿಯಮ. ಬಿತ್ತನೆ ಬೀಜವನ್ನು ತಂಪಾದ ಜಾಗದಲ್ಲಿ ಇಡಿ ಎಂದು ನಾವು ಹೇಳುವುದಕ್ಕೂ ಹೆಚ್ಚು ಕಡಿಮೆ ಇದೇ ಕಾರಣ. ರಬ್ಬರಿನಲ್ಲಿ ಮೃದುತ್ವ ಕೊಡಲೆಂದು ಸೇರಿಸಿದ ಎಣ್ಣೆಯಂಥ ಪದಾರ್ಥಗಳು ಬಿಸಿಗೆ ಮೆಲ್ಲನೆ ಹೊರಟುಹೋಗುತ್ತವೆ. ಅಲ್ಲದೆ ವರ್ಷಗಟ್ಟಲೆ ಅದುಮಿದ ಸ್ಥಿತಿಯಲ್ಲಿದ್ದ ಉಂಗುರ ಚಪ್ಪಟೆಯಾಗಿ ಮತ್ತೆ ಉಬ್ಬುವ ಗುಣವನ್ನೇ ಕಳೆದುಕೊಳ್ಳುತ್ತದೆ. ಎಂಜಿನ್ನು ತಣ್ಣಗಿದ್ದಾಗ ಲೋಹಕ್ಕಿಂತ ರಬ್ಬರು ಹೆಚ್ಚು ಕುಗ್ಗುತ್ತದೆ; ಚಪ್ಪಟೆಯಾದ ಉಂಗುರ ಆ ಸಂದನ್ನು ತುಂಬಲಾರದು. ಬೆಳಗ್ಗೆ ವಾಸನೆ ಬಂದು ಬಿಸಿಯಾದ ಮೇಲೆ ನಿಲ್ಲುವುದರ ಗುಟ್ಟು ಇದು. ವಾಸನೆ ನಿಂತಿತೆಂದು ರೋಗ ವಾಸಿಯಾಗಿರುವುದಿಲ್ಲ.

ಎರಡನೆಯ ಕಾರಣ ಪೆಟ್ರೋಲಿನಲ್ಲಿರುವ ಎಥನಾಲ್. ತಾವು ಬೆಳೆದ ಕಬ್ಬು, ಮೆಕ್ಕೆಜೋಳಗಳಿಂದ ತಯಾರಾದ ಈ ಮದ್ಯಸಾರದ ಮಿಶ್ರಣ ದೇಶದಲ್ಲಿ 2025ರಲ್ಲಿ ಶೇಕಡ 20ರ ಮಟ್ಟ ಮುಟ್ಟಿತು. ಹಳೆಯ ಕಾರುಗಳ ರಬ್ಬರನ್ನು ಇಷ್ಟು ಎಥನಾಲಿಗೆಂದು ಆರಿಸಿರಲಿಲ್ಲ. ಕೆಲವು ಜಾತಿಯ ರಬ್ಬರು ಅದರಲ್ಲಿ ಊದಿಕೊಳ್ಳುತ್ತದೆ. ಒಣಗಿದಾಗ ಮೊದಲಿಗಿಂತ ಹೆಚ್ಚು ಗಡುಸಾಗುತ್ತದೆ. ಹಳೆಯ ವಾಹನಗಳಲ್ಲಿ 20,000ದಿಂದ 30,000 ಕಿಲೋಮೀಟರ್ ಬಳಕೆಯ ನಂತರ ಕೆಲವು ರಬ್ಬರು ಭಾಗ ಮತ್ತು ಗ್ಯಾಸ್ಕೆಟ್ಟುಗಳನ್ನು ಬದಲಾಯಿಸಬೇಕಾಗಬಹುದೆಂದು ಕೇಂದ್ರ ಪೆಟ್ರೋಲಿಯಂ ಸಚಿವಾಲಯವೇ 2025ರ ಆಗಸ್ಟ್‌ನಲ್ಲಿ ತಿಳಿಸಿತು. ಹಾಗೆಂದು ಎಥನಾಲನ್ನು ದೂರಬೇಕಾದುದಿಲ್ಲ. ಕಬ್ಬಿನ, ಮೆಕ್ಕೆಜೋಳದ ರೈತನಿಗೆ ಅದರಿಂದ ಒಂದು ಮಾರುಕಟ್ಟೆ ದೊರೆತಿದೆ. ನಾವು ಮಾಡಬೇಕಾದುದು ರಬ್ಬರನ್ನು ಬದಲಾಯಿಸುವುದು.

ಗುರುತಿಸುವುದು ಹೇಗೆ?

ಬೆಳೆಯಲ್ಲಿ ಪೋಷಕಾಂಶದ ಕೊರತೆಯನ್ನು ಎಲೆ ನೋಡಿ ಹೇಳುವಂತೆ ಇಲ್ಲಿಯೂ ಲಕ್ಷಣಗಳಿವೆ. ತಣ್ಣನೆಯ ಎಂಜಿನ್ನು ಚಾಲೂ ಮಾಡಿದಾಗ ಪೆಟ್ರೋಲಿನ ವಾಸನೆ, ರೈಲಿನ ಬುಡದಲ್ಲಿ ಒದ್ದೆ ಅಥವಾ ಕಂದು ಕಲೆ, ಮೈಲೇಜು ಕುಗ್ಗುವುದು, ಸ್ವಲ್ಪ ಹೊತ್ತು ನಿಲ್ಲಿಸಿದ ಕಾರು ಬಹಳ ಸಲ ತಿರುಗಿಸಿದ ಮೇಲೆ ಚಾಲೂ ಆಗುವುದು – ಇವು ಮೇಲಿನ ಉಂಗುರದ ಲಕ್ಷಣಗಳು. ನಿಂತಲ್ಲಿ ಎಂಜಿನ್ನು ನಡುಗುವುದು, ಬುಸುಗುಟ್ಟುವ ಸದ್ದು – ಇವು ಕೆಳಗಿನ ಉಂಗುರದವು. ಒಂದು ಸಿಲಿಂಡರು ಮಾತ್ರ ಆಗಾಗ ಕೆಲಸ ಬಿಡುತ್ತಿದ್ದರೆ ಕನೆಕ್ಟರನ್ನು ಶಂಕಿಸಿ.

ಪೆಟ್ರೋಲಿನ ಒದ್ದೆ ಕಣ್ಣಿಗೆ ಕಂಡರೆ ಅಂದಿನಿಂದಲೇ ಕಾರು ಓಡಿಸುವುದನ್ನು ನಿಲ್ಲಿಸಬೇಕು. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಅದು ಮೇಲೇರಿ ಚದರಿಹೋಗದೆ ನೆಲದ ಮಟ್ಟದಲ್ಲಿ, ತಗ್ಗಿನಲ್ಲಿ ಹರಿದು ದೂರದ ಬೀಡಿ ಕಿಡಿಯನ್ನೋ ಒಲೆಯನ್ನೋ ಮುಟ್ಟಬಲ್ಲದು.

ಬೇಕಾಗುವ ಸಾಮಾನುಗಳು

ತಮ್ಮ ಕಾರಿನ ಮಾದರಿ ಮತ್ತು ವರ್ಷ ತಿಳಿಸಿ ಇಂಜೆಕ್ಟರ್ ರಿಪೇರಿ ಕಿಟ್ಟು ಕೇಳಿ. ಅದರಲ್ಲಿ ಮೇಲಿನ ಹಾಗೂ ಕೆಳಗಿನ ಓ-ರಿಂಗುಗಳು ಇರುತ್ತವೆ. ಟೋಪಿ ಇರುವ ಮಾದರಿಯಾದರೆ ಟೋಪಿಗಳೂ ದೊರೆಯುತ್ತವೆ. ಓ-ರಿಂಗುಗಳು ಫ್ಲೋರೋ ರಬ್ಬರಿನವಾಗಿರಲಿ. ಇದು ಶಾಖಕ್ಕೂ ಎಥನಾಲ್ ಮಿಶ್ರಣಕ್ಕೂ ಸಾಮಾನ್ಯ ನೈಟ್ರೈಲ್ ರಬ್ಬರಿಗಿಂತ ಚೆನ್ನಾಗಿ ತಡೆದುಕೊಳ್ಳುತ್ತದೆ. ಬಣ್ಣ ನೋಡಿ ನಿರ್ಧರಿಸಬೇಡಿ. ಹಸಿರು, ಕಂದು, ಕಪ್ಪು ಎಲ್ಲ ಬಣ್ಣದಲ್ಲಿಯೂ ಎರಡೂ ಬಗೆ ಬರುತ್ತವೆ. ಒಂದೇ ಉಂಗುರ ಸೋರುತ್ತಿದ್ದರೂ ಎಲ್ಲವನ್ನೂ ಒಟ್ಟಿಗೆ ಬದಲಾಯಿಸಿ. ಒಂದೇ ದಿನ ಹಾಕಿದ ಉಂಗುರಗಳ ಆಯುಸ್ಸು ಒಟ್ಟಿಗೇ ಮುಗಿಯುತ್ತದೆ.

ಪೈಪು ಬೇಕಾದರೆ 'ಇಂಜೆಕ್ಷನ್ ಪೈಪು' ಎಂದೇ ಕೇಳಿ ಪಡೆಯಿರಿ. ಕಾರ್ಬುರೇಟರಿನ ಪೈಪು ಈ ಒತ್ತಡ ತಾಳದು. ಸಿಂಪರಣಾ ಯಂತ್ರದ ಪೈಪು ಅಥವಾ ವಾಷರು, ಸೈಕಲ್ ಟ್ಯೂಬಿನ ಚೂರು, ಅಂಟು, ಟೆಫ್ಲಾನ್ ಟೇಪು – ಇವನ್ನು ಯಾವ ಕಾರಣಕ್ಕೂ ಬಳಸಕೂಡದು. ಪಂಪುಸೆಟ್ಟಿನಲ್ಲಿ ನಡೆಯುವ ಈ ಉಪಾಯಗಳು ಇಲ್ಲಿ ಪ್ರಾಣಕ್ಕೆ ಎರವಾಗುತ್ತವೆ.

ಬದಲಾಯಿಸುವ ಕ್ರಮ

ಸಿಂಪರಣಾ ಯಂತ್ರ, ಪಂಪುಗಳನ್ನು ಸ್ವತಃ ಬಿಚ್ಚಿ ಜೋಡಿಸುವ ರೂಢಿಯಿರುವವರು ಇದನ್ನು ಮಾಡಬಹುದು. ಅಭ್ಯಾಸವಿಲ್ಲದವರು ಮೆಕ್ಯಾನಿಕ್ಕಿನಿಂದ ಮಾಡಿಸಿ, ಪಕ್ಕದಲ್ಲಿ ನಿಂತು ಈ ಕ್ರಮದಂತೆ ನಡೆಯುತ್ತಿದೆಯೇ ಎಂದು ನೋಡಿ.

1. ಬಯಲು ಜಾಗದಲ್ಲಿ, ಹಗಲಿನಲ್ಲಿ, ಎಂಜಿನ್ನು ಪೂರ್ತಿ ತಣ್ಣಗಾದ ಮೇಲೆ ಕೆಲಸ ಮಾಡಿ. ಬೀಡಿ, ದೀಪ, ಒಲೆ ಹತ್ತಿರವಿರಬಾರದು. ಪುಡಿ ತುಂಬಿದ ಬೆಂಕಿ ಆರಿಸುವ ಸಿಲಿಂಡರು ಕೈಗೆಟಕುವಂತಿರಲಿ. ಪೆಟ್ರೋಲ್ ಬೆಂಕಿಗೆ ನೀರು ಎರಚಬಾರದು. ಚಳಿಗಾಲದ ಮುಂಜಾನೆ ಬೇಡ. ಚಳಿಯಲ್ಲಿ ಹಳೆಯ ಪ್ಲಾಸ್ಟಿಕ್ ಇನ್ನೂ ಸುಲಭವಾಗಿ ಮುರಿಯುತ್ತದೆ.

2. ರೈಲಿನೊಳಗಿನ ಒತ್ತಡ ಇಳಿಸಿ. ಹೊರಗೆ ಸೋರಿಕೆಯಿಲ್ಲದಿದ್ದರೆ, ಪೆಟ್ರೋಲ್ ಪಂಪಿನ ಫ್ಯೂಸು ಕಿತ್ತು ಎಂಜಿನ್ನು ಚಾಲೂ ಮಾಡಿ. ಉಳಿದ ಪೆಟ್ರೋಲು ಉರಿದು ಎಂಜಿನ್ನು ತಾನೇ ನಿಲ್ಲುತ್ತದೆ. ಸೋರಿಕೆ ಕಾಣುತ್ತಿದ್ದರೆ ಎಂಜಿನ್ನು ಚಾಲೂ ಮಾಡಲೇಬಾರದು; ಫ್ಯೂಸು ಕಿತ್ತು, ಟ್ಯಾಂಕಿನ ಮುಚ್ಚಳ ಒಮ್ಮೆ ಸಡಿಲಿಸಿ, ಕಾರನ್ನು ಬಯಲಿನಲ್ಲಿಯೇ ಒಂದು ರಾತ್ರಿ ಬಿಡಿ. ಅನಂತರ ಬ್ಯಾಟರಿಯ ಋಣ ತಂತಿ ಕಳಚಿ.

3. ಇಂಜೆಕ್ಟರುಗಳ ಬುಡದ ಧೂಳನ್ನು ಬ್ರಷ್ಷಿನಿಂದ ಚೆನ್ನಾಗಿ ತೆಗೆಯಿರಿ. ಬಿಚ್ಚಿದ ಮೇಲೆ ಬಿದ್ದ ಮರಳು ನೇರವಾಗಿ ಎಂಜಿನ್ನಿನೊಳಕ್ಕೆ ಹೋಗುತ್ತದೆ.

4. ಕನೆಕ್ಟರುಗಳಿಗೆ 1, 2, 3, 4 ಎಂದು ಚೀಟಿ ಅಂಟಿಸಿ. ಕೊಂಡಿಯನ್ನು ಬೆರಳಿನಿಂದ ಒತ್ತಿ ಪ್ಲಾಸ್ಟಿಕ್ ಹಿಡಿದು ಎಳೆಯಿರಿ. ತಂತಿ ಹಿಡಿದು ಎಳೆಯಬೇಡಿ.

5. ರೈಲಿಗೆ ಬರುವ ಪೈಪಿನ ಸುತ್ತ ದಪ್ಪ ಬಟ್ಟೆ ಸುತ್ತಿ ಮೆಲ್ಲನೆ ಬಿಚ್ಚಿ. ಉಳಿದ ಪೆಟ್ರೋಲನ್ನು ಬಟ್ಟೆ ಹೀರಲಿ. ಕಣ್ಣಿಗೆ ಕನ್ನಡಕವಿರಲಿ.

6. ರೈಲಿನ ಬೋಲ್ಟುಗಳನ್ನು ತೆಗೆದು, ಎರಡೂ ತುದಿ ಹಿಡಿದು ನೇರವಾಗಿ ಮೇಲಕ್ಕೆ ಎತ್ತಿ. ಸ್ಕ್ರೂಡ್ರೈವರ್ ಹಾಕಿ ಮೀಟಬೇಡಿ. ಇಂಜೆಕ್ಟರನ್ನು ಸ್ವಲ್ಪ ಅತ್ತಿತ್ತ ತಿರುಗಿಸಿದರೆ ಹಿಡಿತ ಬಿಡುತ್ತದೆ.

7. ಕೂಡಲೇ ಮ್ಯಾನಿಫೋಲ್ಡಿನ ನಾಲ್ಕೂ ತೂತುಗಳಿಗೆ ಶುಭ್ರವಾದ ಬಟ್ಟೆ ತುರುಕಿ. ಪ್ರತಿಯೊಂದು ಇಂಜೆಕ್ಟರಿನ ಹಳೆಯ ಉಂಗುರ, ಟೋಪಿಗಳೆಲ್ಲ ಬಂದಿವೆಯೇ ಎಂದು ಎಣಿಸಿ ನೋಡಿ. ಚೂರು ಒಳಗೆ ಉಳಿದಿದ್ದರೆ ತೆಗೆಯದೆ ಮುಂದುವರಿಯಬಾರದು.

8. ಹಳೆಯ ಉಂಗುರವನ್ನು ಬಿದಿರು ಕಡ್ಡಿಯಿಂದ ತೆಗೆಯಿರಿ. ಚಾಕು, ಸೂಜಿಗಳಿಂದ ಗೆರೆ ಬಿದ್ದರೆ ಹೊಸ ಉಂಗುರವೂ ಸೋರುತ್ತದೆ. ಉಂಗುರ ಕೂರುವ ಗಾಡಿಯನ್ನೂ ರೈಲಿನ ಬಟ್ಟಲನ್ನೂ ಮೆತ್ತನೆಯ ಬಟ್ಟೆಯಿಂದ ಒರೆಸಿ.

9. ಹೊಸ ಉಂಗುರಕ್ಕೆ ಶುದ್ಧ ಎಂಜಿನ್ ಎಣ್ಣೆಯನ್ನು ತೆಳುವಾಗಿ ಸವರಿ, ಸುರುಳಿ ಬೀಳದಂತೆ ಏರಿಸಿ. ಗ್ರೀಸು ಬೇಡ. ಇಂಜೆಕ್ಟರನ್ನು ರೈಲಿಗೆ ನೇರವಾಗಿ ಒತ್ತಿ ಕೂರಿಸಿ.

10. ರೈಲನ್ನು ಸ್ಥಳದಲ್ಲಿಟ್ಟು ಬೋಲ್ಟು ಬಿಗಿಯುವ ಮೊದಲು ಪ್ರತಿ ಇಂಜೆಕ್ಟರನ್ನೂ ಕೈಯಿಂದ ತಿರುಗಿಸಿ. ಸರಾಗವಾಗಿ ತಿರುಗಿದರೆ ಉಂಗುರ ಸರಿಯಾಗಿ ಕೂತಿದೆ. ಬಿಗಿಯಾಗಿದ್ದರೆ ಉಂಗುರ ಹೊಸೆದುಕೊಂಡಿದೆ; ತೆಗೆದು ಮತ್ತೆ ಹಾಕಿ. ಬೋಲ್ಟುಗಳನ್ನು ಅದಲುಬದಲಾಗಿ ಹದವಾಗಿ ಬಿಗಿಯಿರಿ. ಅಲ್ಯೂಮಿನಿಯಂ ಮರೆ ಬೇಗ ಹಾಳಾಗುತ್ತದೆ.

ಬ್ಯಾಟರಿ ಕಳಚಿರುವಾಗಲೇ ಕನೆಕ್ಟರುಗಳನ್ನೂ ಪರೀಕ್ಷಿಸಿ. ಕೊಂಡಿ ಮುರಿದಿದ್ದರೆ ತುಂಡು ತಂತಿಸಹಿತವಾದ ಹೊಸ ಕನೆಕ್ಟರು ಅಂಗಡಿಯಲ್ಲಿ ದೊರೆಯುತ್ತದೆ. ಒಂದೊಂದಾಗಿ ಬದಲಾಯಿಸಿದರೆ ತಂತಿಗಳು ಅದಲುಬದಲಾಗುವುದಿಲ್ಲ. ಕಾಯಿಸಿ ಬೆಸೆಯುವ ಕೆಲಸವನ್ನು ಪೆಟ್ರೋಲು ತೆರೆದಿರುವಾಗ ಮಾಡಬಾರದು. ಮಲ್ಟಿಮೀಟರು ಇದ್ದವರು ಇಂಜೆಕ್ಟರಿನ ಎರಡು ಕಡ್ಡಿಗಳ ನಡುವಿನ ರೋಧವನ್ನು ಅಳೆಯಬಹುದು. ಬಹಳಷ್ಟು ಕಾರುಗಳಲ್ಲಿ ಅದು 11ರಿಂದ 16 ಓಮ್‌ವರೆಗೆ ಇರುತ್ತದೆ. ನಾಲ್ಕರದೂ ಹೆಚ್ಚು ಕಡಿಮೆ ಸಮನಾಗಿದ್ದರೆ ಇಂಜೆಕ್ಟರಿನ ಸುರುಳಿ ಕೆಟ್ಟಿಲ್ಲವೆಂದು ತಿಳಿಯಬಹುದು.

ನಾನು ಮಾಡಿದ ತಪ್ಪು

ಮೊದಲ ಸಲ ನಾನೇ ಈ ಕೆಲಸಕ್ಕೆ ಕೈ ಹಾಕಿದಾಗ ಏಳನೆಯ ಅಂಶವನ್ನು ಮರೆತೆ. ಎರಡನೆಯ ಇಂಜೆಕ್ಟರು ಹೊರಬಂದಾಗ ಅದರ ಟೋಪಿಯ ಅರ್ಧ ಇರಲಿಲ್ಲ. ಹಿಂದೆಯೇ ಉದುರಿಹೋಗಿರಬಹುದೆಂದು ನನಗೆ ನಾನೇ ಸಮಾಧಾನ ಹೇಳಿಕೊಂಡು ಜೋಡಿಸಿಬಿಡುವವನಿದ್ದೆ. ನೆರವಿಗಿದ್ದ ಅದೇ ರೈತ ಮಿತ್ರರು ಒಪ್ಪಲಿಲ್ಲ. ಟಾರ್ಚು ಬಿಟ್ಟು ಅರ್ಧ ಗಂಟೆ ಹುಡುಕಿ, ಕಡ್ಡಿಯ ತುದಿಗೆ ಸ್ವಲ್ಪ ಗ್ರೀಸು ಮೆತ್ತಿ, ತೂತಿನ ಅಂಚಿನಲ್ಲೇ ಕೂತಿದ್ದ ಆ ಚೂರನ್ನು ಎತ್ತಿ ನನ್ನ ಅಂಗೈ ಮೇಲಿಟ್ಟರು. ಅದು ಒಳಕ್ಕೆ ಬಿದ್ದು ವಾಲ್ವಿಗೆ ಸಿಕ್ಕಿದ್ದರೆ ಎಂಜಿನ್ನಿನ ತಲೆಯನ್ನೇ ಬಿಚ್ಚಬೇಕಾಗುತ್ತಿತ್ತು. ಪ್ರಯೋಗದ ತಾಕಿನಲ್ಲಿ ಒಂದು ಗಿಡ ಲೆಕ್ಕ ತಪ್ಪಿದರೆ ಮತ್ತೆ ಎಣಿಸುವ ನಾನು ಇಲ್ಲಿ ಎಣಿಸಲಿಲ್ಲವಲ್ಲ ಎಂದು ನಾಚಿಕೆಯಾಯಿತು.

ಪರೀಕ್ಷೆ ಮಾಡದೆ ಚಾಲೂ ಮಾಡಬೇಡಿ

ಎಲ್ಲ ಜೋಡಿಸಿದ ಮೇಲೆ ಬ್ಯಾಟರಿ ತಂತಿ ಮತ್ತು ಫ್ಯೂಸು ಹಾಕಿ. ಎಂಜಿನ್ನು ಚಾಲೂ ಮಾಡದೆ ಕೀಲಿಯನ್ನು ಮಾತ್ರ ತಿರುಗಿಸಿ. ಪಂಪು ಒಂದೆರಡು ಸೆಕೆಂಡು ಗುಂಯ್‌ಗುಟ್ಟಿ ನಿಲ್ಲುತ್ತದೆ. ಹೀಗೆ ಮೂರು ನಾಲ್ಕು ಸಲ ಮಾಡಿದರೆ ರೈಲಿನಲ್ಲಿ ಒತ್ತಡ ತುಂಬುತ್ತದೆ. ಈಗ ಪ್ರತಿಯೊಂದು ಇಂಜೆಕ್ಟರಿನ ಕೊರಳಿಗೂ, ಪೈಪಿನ ಜೋಡಣೆಗೂ ಒಣ ಬಿಳಿ ಕಾಗದ ತಾಗಿಸಿ ನೋಡಿ. ಕಾಗದ ಸ್ವಲ್ಪ ಒದ್ದೆಯಾದರೂ ಒತ್ತಡ ಇಳಿಸಿ ಮತ್ತೆ ಬಿಚ್ಚಬೇಕು. ಒಣಗಿದ್ದರೆ ಎಂಜಿನ್ನು ಚಾಲೂ ಮಾಡಿ ಇನ್ನೊಮ್ಮೆ ನೋಡಿ. ಎಂಜಿನ್ನು ಬಿಸಿಯಾಗಿ ತಣಿದ ಮೇಲೆ, ಮರುದಿನ ಬೆಳಗ್ಗೆ ಮೂರನೆಯ ಸಲ ನೋಡಿ. ಅಲ್ಲಿಯವರೆಗೆ ಕಾರು ಕೊಟ್ಟಿಗೆ, ಬಣವೆಗಳಿಂದ ದೂರವೇ ಇರಲಿ.

ಹೀರಿದ ಬಟ್ಟೆಗಳನ್ನು ಮೂಲೆಯಲ್ಲಿ ಗುಡ್ಡೆ ಹಾಕದೆ ಬಯಲಿನಲ್ಲಿ ಹರಡಿ ಒಣಗಿಸಿ. ಉಳಿದ ಪೆಟ್ರೋಲನ್ನು ನೆಲಕ್ಕೆ ಚೆಲ್ಲಬೇಡಿ. ಅದು ಮಣ್ಣಿಗೂ ಬಾವಿಯ ನೀರಿಗೂ ವಿಷ.

ಡೀಸೆಲ್ ಎಂಜಿನ್ನಿಗೆ ಇದು ಅನ್ವಯಿಸದು

ಟ್ರ್ಯಾಕ್ಟರು ಮತ್ತು ಡೀಸೆಲ್ ಪಂಪುಸೆಟ್ಟುಗಳ ಇಂಜೆಕ್ಟರು ರೈತರಿಗೆ ಹಳೆಯ ಪರಿಚಯ. 1951ರಲ್ಲಿ ಸ್ಥಾಪನೆಯಾದ, ಬೆಂಗಳೂರಿನ 'ಮೈಕೋ' ಕಂಪನಿಯ ಹೆಸರು ತಿಳಿಯದ ಟ್ರ್ಯಾಕ್ಟರ್ ಮೆಕ್ಯಾನಿಕ್ಕು ನಮ್ಮಲ್ಲಿಲ್ಲ. ಆದರೆ ಆ ಪರಿಚಯದಿಂದ ಧೈರ್ಯಗೊಂಡು ಮೇಲಿನ ಕ್ರಮವನ್ನು ಡೀಸೆಲ್ಲಿಗೆ ಬಳಸಬೇಡಿ. ಹಳೆಯ ಡೀಸೆಲ್ ಇಂಜೆಕ್ಟರು ತೆರೆಯುವುದೇ ಚದರ ಸೆಂಟಿಮೀಟರಿಗೆ 150ರಿಂದ 250 ಕಿಲೋಗ್ರಾಂ ಒತ್ತಡದಲ್ಲಿ. ಹೊಸ ಕಾಮನ್ ರೈಲ್ ಎಂಜಿನ್ನುಗಳಲ್ಲಿ ಒತ್ತಡ 1,000 ಕಿಲೋಗ್ರಾಮನ್ನೂ ಮೀರುತ್ತದೆ. ಅಲ್ಲಿಂದ ಚಿಮ್ಮಿದ ಎಳೆ ಚರ್ಮವನ್ನು ತೂರಿ ಒಳಹೋಗುತ್ತದೆ. ಗಾಯ ಸೂಜಿ ಮೊನೆಯಷ್ಟು ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಪೆಟ್ರೋಲನ್ನು ನೇರವಾಗಿ ಸಿಲಿಂಡರಿನೊಳಕ್ಕೇ ಚಿಮ್ಮಿಸುವ ಹೊಸ ಕಾರುಗಳೂ ಹೆಚ್ಚಿನ ಒತ್ತಡದವೇ. ಅವನ್ನು ಬಲ್ಲವರಿಗೇ ಬಿಡಿ.

ಕೊನೆಯ ಮಾತು

ಉಗುರಿನಿಂದ ಹೋಗುವುದಕ್ಕೆ ಕೊಡಲಿ ಏಕೆ ಎಂಬ ಗಾದೆ ತಮಗೆ ಗೊತ್ತೇ ಇದೆ. ಹತ್ತು ವರ್ಷ ದಾಟಿದ ಪೆಟ್ರೋಲ್ ಕಾರಿದ್ದು, ಈ ಉಂಗುರಗಳನ್ನು ಒಮ್ಮೆಯೂ ಬದಲಾಯಿಸಿಲ್ಲವಾದರೆ, ಸೋರುವವರೆಗೆ ಕಾಯದೆ ಈ ವರ್ಷವೇ ಬದಲಾಯಿಸಿ. ಪ್ರತಿ ವರ್ಷ ಸುಗ್ಗಿಗೆ ಮೊದಲು, ಬಣವೆ ಒಟ್ಟುವ ಮುನ್ನ, ಒಂದು ಬೆಳಗ್ಗೆ ಬಾನೆಟ್ಟು ಎತ್ತಿ ರೈಲಿನ ಬುಡಕ್ಕೆ ಬಿಳಿ ಕಾಗದ ತಾಗಿಸಿ ನೋಡುವ ರೂಢಿ ಇಟ್ಟುಕೊಳ್ಳಿ. ಐದು ನಿಮಿಷದ ಕೆಲಸ. ಮತ್ತು ಕಾರು ಎಷ್ಟೇ ಚೆನ್ನಾಗಿರಲಿ, ರಾತ್ರಿ ಅದನ್ನು ಹುಲ್ಲಿನಿಂದ, ದನಗಳಿಂದ ದೂರ ನಿಲ್ಲಿಸಿ. ನನ್ನ ಕಾರು ಈಗ ಅಲ್ಲಿಯೇ ನಿಲ್ಲುತ್ತಿದೆ.